ಬೆಳಗಾವಿ ಮನೆಯ ಬಾಡಿಗೆ, ಬ್ರಿಟನ್ನಿನ ತೆರಿಗೆ: ಎರಡೂ ಕಡೆ ರಿಟರ್ನ್ ತುಂಬುವ ಕ್ರಮ

ಜೆಎನ್‌ಎಂಸಿಯಲ್ಲಿ ಓದಿ ಬ್ರಿಟನ್ನಿನ ಎನ್‌ಎಚ್‌ಎಸ್ ಸೇರಿದ ಡಾಕ್ಟರು, ಜಿಐಟಿಯಲ್ಲಿ ಎಂಜಿನಿಯರಿಂಗ್ ಮುಗಿಸಿ ಅಮೆರಿಕಕ್ಕೋ ದುಬೈಗೋ ಹೋದವರು ಬೆಳಗಾವಿಯಲ್ಲಿ ಓಣಿಗೆ ಒಬ್ಬರಾದರೂ ಸಿಗುತ್ತಾರೆ. ಅವರ ಟಿಳಕವಾಡಿಯ ಮನೆಯೋ ನೆಹರು ನಗರದ ಫ್ಲ್ಯಾಟೋ ಬಾಡಿಗೆಗೆ ಇರುತ್ತದೆ. ತೆರಿಗೆಯ ಮಾತು ಬಂದರೆ ಎರಡು ಉತ್ತರ ಸಿದ್ಧ. "ನಾ ಎನ್‌ಆರ್‌ಐ ಆಗೇನಿ, ಭಾರತದಾಗ ನಂದೇನೂ ಬರೂದಿಲ್ಲ" ಎಂಬುದು ಒಂದು. "ರೊಕ್ಕ ಇಲ್ಲೇ ಬ್ಯಾಂಕಿನಾಗ ಐತಿ, ಅಲ್ಲಿಗೆ ತರಿಸಿಲ್ಲ, ಅಲ್ಲಿ ಯಾಕ ಹೇಳಬೇಕು" ಎಂಬುದು ಇನ್ನೊಂದು. ಎರಡೂ ತಪ್ಪು. ಮನೆ ಎಲ್ಲಿದೆಯೋ ಆ ದೇಶಕ್ಕೆ ಬಾಡಿಗೆಯ ಮೇಲೆ ತೆರಿಗೆ ಹಾಕುವ ಮೊದಲ ಹಕ್ಕಿದೆ. ನೀವು ನಿವಾಸಿಯಾಗಿರುವ ದೇಶವೂ ಸಾಮಾನ್ಯವಾಗಿ ನಿಮ್ಮ ಜಗತ್ತಿನ ಎಲ್ಲ ಆದಾಯವನ್ನು ಕೇಳುತ್ತದೆ. ಎರಡು ಸಲ ಕಟ್ಟುವ ಪ್ರಸಂಗ ಬರದಂತೆ ಒಪ್ಪಂದವಿದೆ, ನಿಜ. ಆದರೆ ಒಪ್ಪಂದ ತಪ್ಪಿಸುವುದು ಎರಡು ಸಲ ತೆರಿಗೆ ಕಟ್ಟುವುದನ್ನು, ಎರಡು ಸಲ ಲೆಕ್ಕ ಒಪ್ಪಿಸುವುದನ್ನಲ್ಲ.

ಇಲ್ಲಿ ವಿವರವಾಗಿ ಹೇಳುವುದು ಬ್ರಿಟನ್ನಿಗೆ ಹೋದವರ ಲೆಕ್ಕ. ಉಳಿದ ದೇಶಗಳದು ಕೊನೆಗೆ ಚಿಕ್ಕದಾಗಿ ಇದೆ. ಉದಾಹರಣೆಗಳೆಲ್ಲ 2025–26ರ ಬಾಡಿಗೆಯವು, ಅಂದರೆ 1961ರ ಆದಾಯ ತೆರಿಗೆ ಕಾಯ್ದೆಯವು. 2026ರ ಏಪ್ರಿಲ್ 1ರಿಂದ 2025ರ ಹೊಸ ಕಾಯ್ದೆ ಜಾರಿ. ಅದರಲ್ಲಿ ಕಲಂ, ಫಾರ್ಮ್ ಸಂಖ್ಯೆಗಳು ಬೇರೆ, ಮನೆ ಬಾಡಿಗೆಯ ಲೆಕ್ಕದ ಬುನಾದಿ ಅದೇ.

ಮೊದಲು ಉತಾರ ನೋಡಿ

ಫಾರ್ಮ್ ತೆರೆಯುವ ಮುಂಚೆ ಮನೆಯ ಖರೀದಿ ಪತ್ರ ಮತ್ತು ಸಿಟಿಎಸ್ ಉತಾರ (ನಗರ ಸರ್ವೆಯ ಆಸ್ತಿ ದಾಖಲೆ) ತೆಗೆದು ಯಾರ ಹೆಸರಿದೆ ನೋಡಿ. ಅರ್ಧ ಗೊಂದಲ ಹುಟ್ಟುವುದು ಇಲ್ಲೇ. ಮನೆ ಮಗನ ಹೆಸರಿನಲ್ಲಿ, ಬಾಡಿಗೆ ಅವ್ವನ ಖಾತೆಗೆ. "ಅವ್ವನ ಖರ್ಚಿಗೆ ಆಗ್ತದ, ಅದು ಅವ್ವನ ಆದಾಯ" ಎಂದು ಮನೆಯವರೆಲ್ಲ ನಂಬಿರುತ್ತಾರೆ. ಕಾಯ್ದೆಯ ಕಣ್ಣಿಗೆ ಹಾಗಲ್ಲ. ಆಸ್ತಿ ಕೊಡದೆ ಅದರ ಆದಾಯವನ್ನಷ್ಟೇ ಬೇರೆಯವರಿಗೆ ಬಿಟ್ಟುಕೊಟ್ಟರೂ ಆದಾಯ ಮಾಲೀಕನದೇ ಎನ್ನುತ್ತದೆ ಕಲಂ 60. ಅವ್ವ ಆ ದುಡ್ಡನ್ನು ಔಷಧಕ್ಕೇ ಖರ್ಚು ಮಾಡಲಿ, ರಿಟರ್ನ್ ಮಗನದು.

ನಿಜವಾಗಿ ಅವ್ವನ ಆದಾಯ ಆಗಬೇಕೆಂದರೆ ಮನೆಯನ್ನೇ ಅವರ ಹೆಸರಿಗೆ ನೋಂದಾಯಿತ ದಾನಪತ್ರ ಮಾಡಿಕೊಡಬೇಕು. ತಾಯಿ ತಂದೆಗೆ ಕೊಟ್ಟರೆ ಆಮೇಲಿನ ಬಾಡಿಗೆ ಅವರದೇ. ಹೆಂಡತಿಗೆ ಪುಕ್ಕಟೆ ಕೊಟ್ಟರೆ ಮಾತ್ರ ಕಲಂ 27ರ ಪ್ರಕಾರ ಮಾಲೀಕ ಗಂಡನೇ ಎಂದು ಎಣಿಸುತ್ತಾರೆ. ಬರೀ ತೆರಿಗೆ ಉಳಿಸಲು ಮನೆ ಬರೆದುಕೊಡುವ ಮಾತು ನನಗೆ ಒಪ್ಪಿಗೆಯಿಲ್ಲ. ಅಣ್ಣ ತಮ್ಮಂದಿರು ಇರುವ ಮನೆಯಲ್ಲಿ ಅದರ ಬೆಲೆ ತೆರಿಗೆಗಿಂತ ದೊಡ್ಡದಾಗುತ್ತದೆ.

ಇಬ್ಬರು ಮೂವರ ಹೆಸರಿದ್ದು ಪಾಲು ನಿಶ್ಚಿತವಾಗಿದ್ದರೆ ಬಾಡಿಗೆಯೂ ಅದೇ ಪಾಲಿನಲ್ಲಿ ಹಂಚಿಕೆಯಾಗಿ ಪ್ರತಿಯೊಬ್ಬರೂ ತಮ್ಮ ರಿಟರ್ನಿನಲ್ಲಿ ತೋರಿಸಬೇಕು. ವಸೂಲಿ ಯಾರು ಮಾಡುತ್ತಾರೆ ಎಂಬುದು ಲೆಕ್ಕಕ್ಕೆ ಬರುವುದಿಲ್ಲ.

ಯಾವ ವರ್ಷ ಎಲ್ಲಿಯ ನಿವಾಸಿ

ಕೆಲಸಕ್ಕೆಂದು ಹೊರಗೆ ಹೋಗುವ ಭಾರತೀಯ ನಾಗರಿಕ, ಹೋದ ವರ್ಷ ಭಾರತದಲ್ಲಿ 182 ದಿನಕ್ಕಿಂತ ಕಡಿಮೆ ಇದ್ದರೆ ಆ ವರ್ಷ ಅನಿವಾಸಿ. ವರ್ಷ ಏಪ್ರಿಲ್‌ನಿಂದ ಶುರುವಾಗುವುದರಿಂದ ಅಕ್ಟೋಬರ್ ಅಥವಾ ಆಮೇಲೆ ವಿಮಾನ ಹತ್ತಿದವರು ಆ ವರ್ಷ ಇನ್ನೂ ನಿವಾಸಿಗಳೇ. ಅಂಥವರು ಮಾರ್ಚ್‌ವರೆಗಿನ ಬ್ರಿಟನ್ ಸಂಬಳವನ್ನೂ ಭಾರತದ ರಿಟರ್ನಿನಲ್ಲಿ ತೋರಿಸಬೇಕಾಗುತ್ತದೆ. ಬ್ರಿಟನ್ನಿನಲ್ಲಿ ತೆರಿಗೆ ವರ್ಷ ಏಪ್ರಿಲ್ 6ರಿಂದ ಮುಂದಿನ ಏಪ್ರಿಲ್ 5ರವರೆಗೆ. ಹೋದ ವರ್ಷಕ್ಕೆ ಷರತ್ತು ಹೊಂದಿದರೆ ವರ್ಷವನ್ನು ಎರಡು ಭಾಗ ಮಾಡುತ್ತಾರೆ, ಆಗ ಅಲ್ಲಿಗೆ ತಲುಪುವ ಮೊದಲಿನ ಬಾಡಿಗೆ ಅವರ ಲೆಕ್ಕಕ್ಕೆ ಬರುವುದಿಲ್ಲ. ಪಾಸ್‌ಪೋರ್ಟಿನ ಮುದ್ರೆ ಇರುವ ಪುಟಗಳ ಪ್ರತಿ ಇಟ್ಟುಕೊಳ್ಳಿ. ಎರಡೂ ಕಡೆ ಬೇಕಾಗುವ ದಾಖಲೆ ಅದು.

ಖಾತೆ ಮತ್ತು ಪ್ಯಾನ್

ಊರ ಬ್ಯಾಂಕಿನ ಉಳಿತಾಯ ಖಾತೆಯನ್ನು ಎನ್‌ಆರ್‌ಒ ಖಾತೆಯಾಗಿ (ಅನಿವಾಸಿಯ ಭಾರತದ ಆದಾಯ ಇಡುವ ಖಾತೆ) ಬದಲಿಸಿ. ಅನಿವಾಸಿಯಾದ ಮೇಲೆ ಸಾಮಾನ್ಯ ಖಾತೆ ಇಟ್ಟುಕೊಳ್ಳಲು ಫೆಮಾ, ಅಂದರೆ ವಿದೇಶಿ ವಿನಿಮಯ ಕಾಯ್ದೆ, ಬಿಡುವುದಿಲ್ಲ. ಬಾಡಿಗೆ ಆ ಎನ್‌ಆರ್‌ಒ ಖಾತೆಗೇ ಜಮಾ ಆಗಲಿ, ನಗದು ಬೇಡ. ಆದಾಯ ತೆರಿಗೆ ಪೋರ್ಟಲ್‌ನಲ್ಲಿ ನಿಮ್ಮ ನಿವಾಸದ ಸ್ಥಿತಿಯನ್ನು ಅನಿವಾಸಿ ಎಂದು ಬದಲಿಸಿ. ಆಧಾರ್ ಜೋಡಣೆಯಿಂದ ಅನಿವಾಸಿಗಳಿಗೆ ವಿನಾಯಿತಿ ಇದೆ, ಆದರೆ ನೀವು ಅನಿವಾಸಿ ಎಂದು ಇಲಾಖೆಗೆ ಗೊತ್ತಿದ್ದರೆ ಮಾತ್ರ. ಗೊತ್ತಿಲ್ಲದಿದ್ದರೆ ಪ್ಯಾನ್ ನಿಷ್ಕ್ರಿಯವಾಗಿ ರಿಫಂಡ್ ನಿಂತುಬಿಡುತ್ತದೆ.

ಬಾಡಿಗೆದಾರನ ಪಾಲಿನ ಕೆಲಸ

ಎಲ್ಲರೂ ತಪ್ಪಿಸಿಕೊಳ್ಳಲು ನೋಡುವ ಹಂತ ಇದು. ಮಾಲೀಕ ನಿವಾಸಿಯಾಗಿದ್ದರೆ ಸಂಬಳದ ಬಾಡಿಗೆದಾರ ತಿಂಗಳಿಗೆ 50,000 ರೂಪಾಯಿ ದಾಟಿದ ಬಾಡಿಗೆಗಷ್ಟೇ 2% ಟಿಡಿಎಸ್ (ದುಡ್ಡು ಕೊಡುವಾಗಲೇ ಕಳೆದು ಸರ್ಕಾರಕ್ಕೆ ಕಟ್ಟುವ ತೆರಿಗೆ) ಹಿಡಿದರೆ ಮುಗಿಯಿತು. ಮಾಲೀಕ ಅನಿವಾಸಿ ಆದಕೂಡಲೇ ಕಲಂ 195 ಬರುತ್ತದೆ. ಅದರಲ್ಲಿ ಕನಿಷ್ಠ ಮಿತಿ ಇಲ್ಲ. 8,000 ರೂಪಾಯಿ ಬಾಡಿಗೆಯಾದರೂ 30%, ಮೇಲೆ 4% ಸೆಸ್, ಒಟ್ಟು 31.2% ಹಿಡಿಯಬೇಕು. ಹಿಡಿಯಲು ಬಾಡಿಗೆದಾರ ಟ್ಯಾನ್ (ತೆರಿಗೆ ಹಿಡಿಯುವವರಿಗೆ ಇಲಾಖೆ ಕೊಡುವ ಸಂಖ್ಯೆ) ತೆಗೆಸಬೇಕು, ಮುಂದಿನ ತಿಂಗಳ 7ರೊಳಗೆ ಕಟ್ಟಬೇಕು (ಮಾರ್ಚಿನದ್ದು ಏಪ್ರಿಲ್ 30ರೊಳಗೆ), ಮೂರು ತಿಂಗಳಿಗೊಮ್ಮೆ ಹಿಡಿದ ತೆರಿಗೆಯ ವಿವರದ ಫಾರ್ಮ್ 27ಕ್ಯೂ ಸಲ್ಲಿಸಿ ನಿಮಗೆ ಅದರ ಪ್ರಮಾಣಪತ್ರವಾದ ಫಾರ್ಮ್ 16ಎ ಕೊಡಬೇಕು.

ಇದನ್ನು ಕೇಳಿದ ಬಾಡಿಗೆದಾರ ಏನನ್ನುತ್ತಾನೆ ಎಂದು ಬೆಳಗಾವಿಯವರಿಗೆ ಹೇಳಬೇಕಾಗಿಲ್ಲ: "ಟ್ಯಾನ್ ಅಂದ್ರ ಏನ್ರೀ ಸರ? ನಮಗ ಪ್ಯಾನ್ ಸಂಬಾಳಸೂದ ಸಾಕಾಗೇತಿ. ಬ್ಯಾರೆ ಮನಿ ನೋಡ್ಕೊಂತೀವಿ ಬಿಡ್ರಿ." ಅವನದು ತಪ್ಪಲ್ಲ. ಆದರೆ ಹಿಡಿಯದಿದ್ದರೆ ಬಡ್ಡಿ, ದಂಡ ಬೀಳುವುದು ಅವನಿಗೇ, ಮತ್ತು ನೀವು ಅನಿವಾಸಿ ಎಂದು ಅವನಿಗೆ ತಿಳಿಸದೆ ಬಾಡಿಗೆ ತಗೊಳ್ಳುವುದು ಸರಿಯಲ್ಲ. ಅವನು ಕಂಪನಿಯಲ್ಲಿ ಎಚ್‌ಆರ್‌ಎ (ಮನೆ ಬಾಡಿಗೆ ಭತ್ಯೆಯ ವಿನಾಯಿತಿ) ಕೇಳುವಾಗ ವರ್ಷದ ಬಾಡಿಗೆ 1 ಲಕ್ಷ ದಾಟಿದ್ದರೆ ನಿಮ್ಮ ಪ್ಯಾನ್ ಕೊಡಲೇಬೇಕು. ಹಾಗಾಗಿ ವಿಷಯ ಮುಚ್ಚಿಡುವಂಥದ್ದೂ ಅಲ್ಲ.

ನನ್ನ ಸಲಹೆ ಇಷ್ಟು. ಕರಾರು ಪತ್ರದಲ್ಲೇ ಮಾಲೀಕ ಅನಿವಾಸಿ ಎಂದೂ ಕಲಂ 195ರಡಿ ಟಿಡಿಎಸ್ ಕಳೆದು ಬಾಡಿಗೆ ಕೊಡಬೇಕೆಂದೂ ಒಂದು ಸಾಲು ಬರೆಸಿ. ಟ್ಯಾನ್ ಮತ್ತು 27ಕ್ಯೂ ಮಾಡಿಕೊಡುವ ತೆರಿಗೆ ಸಲಹೆಗಾರರ ಫೀಜು ನೀವೇ ಕೊಡಿ. ಒಳ್ಳೆಯ ಬಾಡಿಗೆದಾರನನ್ನು ಉಳಿಸಿಕೊಳ್ಳಲು ಅದು ದುಬಾರಿಯಲ್ಲ. ಜತೆಗೆ, ನಿಮ್ಮ ನಿಜವಾದ ತೆರಿಗೆ ಕಡಿಮೆ ಇದ್ದರೆ ಇಲಾಖೆಯ ಟಿಡಿಎಸ್ ಜಾಲತಾಣವಾದ ಟ್ರೇಸಸ್‌ನಲ್ಲಿ ಫಾರ್ಮ್ 13 ತುಂಬಿ ಕಲಂ 197ರ ಪ್ರಮಾಣಪತ್ರ ಕೇಳಿ. ಕರಾರು ಪತ್ರ, ಹಿಂದಿನ ರಿಟರ್ನುಗಳು, ಈ ವರ್ಷದ ಅಂದಾಜು ಆದಾಯ ಒದಗಿಸಬೇಕು. ಪ್ರಮಾಣಪತ್ರ ಬಂದರೆ 31.2%ರ ಬದಲು ಅದರಲ್ಲಿ ಬರೆದ ದರಕ್ಕೆ ಹಿಡಿದರೆ ಸಾಕು. ಅದು ಆ ಬಾಡಿಗೆದಾರನ ಟ್ಯಾನ್‌ಗೆ, ಆ ವರ್ಷಕ್ಕೆ ಮಾತ್ರ. ವರ್ಷದ ಶುರುವಿನಲ್ಲೇ ಅರ್ಜಿ ಹಾಕಿ, ಏಕೆಂದರೆ ಹಿಂದಿನ ತಿಂಗಳುಗಳಿಗೆ ಅದು ಅನ್ವಯಿಸುವುದಿಲ್ಲ.

ಬ್ರಿಟನ್ನಿನ ನಿವಾಸ ಪ್ರಮಾಣಪತ್ರ ತಂದುಕೊಟ್ಟರೆ ದರ ಇಳಿಯುತ್ತದೆಯೇ ಎಂದು ಕೇಳುವವರಿದ್ದಾರೆ. ಬಾಡಿಗೆಗೆ ಇಳಿಯುವುದಿಲ್ಲ. ಭಾರತ–ಬ್ರಿಟನ್ ಒಪ್ಪಂದದ 6ನೇ ವಿಧಿ ಸ್ಥಿರಾಸ್ತಿಯ ಆದಾಯಕ್ಕೆ ದರದ ಮಿತಿಯನ್ನೇ ಹಾಕಿಲ್ಲ.

ಭಾರತದ ರಿಟರ್ನ್: ಐಟಿಆರ್-2

ಅನಿವಾಸಿಗೆ ಐಟಿಆರ್-1 ಇಲ್ಲ. ವ್ಯಾಪಾರದ ಆದಾಯ ಇಲ್ಲದಿದ್ದರೆ ಐಟಿಆರ್-2. ತುಂಬುವ ಮೊದಲು ಪೋರ್ಟಲ್‌ನಿಂದ 26ಎಎಸ್ ಮತ್ತು ಎಐಎಸ್ (ನಿಮ್ಮ ಹೆಸರಿಗೆ ದಾಖಲಾದ ಟಿಡಿಎಸ್, ಆದಾಯದ ಪಟ್ಟಿಗಳು) ಇಳಿಸಿಕೊಂಡು ಬಾಡಿಗೆದಾರ ಕಟ್ಟಿದ ಟಿಡಿಎಸ್ ನಿಮ್ಮ ಪ್ಯಾನ್‌ಗೆ ಬಂದಿದೆಯೇ ನೋಡಿ. ಫಾರ್ಮಿನಲ್ಲಿ ನಿವಾಸದ ದೇಶ, ಅಲ್ಲಿಯ ತೆರಿಗೆ ಗುರುತಿನ ಸಂಖ್ಯೆ ಕೇಳುತ್ತದೆ. ಬ್ರಿಟನ್ನಿನವರು ಯುಟಿಆರ್ (ಅಲ್ಲಿಯ ತೆರಿಗೆದಾರರ ಸಂಖ್ಯೆ) ಅಥವಾ ನ್ಯಾಷನಲ್ ಇನ್ಶೂರೆನ್ಸ್ ಸಂಖ್ಯೆ ಹಾಕಬಹುದು. ವಿದೇಶಿ ಆಸ್ತಿಯ ಅನುಸೂಚಿ ನಿಮಗೆ ಅನ್ವಯಿಸುವುದಿಲ್ಲ.

ಲೆಕ್ಕವನ್ನು ಒಂದು ಮನೆ ಇಟ್ಟುಕೊಂಡೇ ನೋಡೋಣ. ಬ್ರಿಟನ್ನಿನಲ್ಲಿರುವ ಒಬ್ಬ ಡಾಕ್ಟರ ನೆಹರು ನಗರದ ಫ್ಲ್ಯಾಟು, ತಿಂಗಳಿಗೆ 25,000, ವರ್ಷಕ್ಕೆ 3,00,000. ಮಹಾನಗರ ಪಾಲಿಕೆಗೆ ಮಾಲೀಕ ಆ ವರ್ಷವೇ ಕಟ್ಟಿದ ಆಸ್ತಿ ತೆರಿಗೆ 12,000 ಎಂದುಕೊಳ್ಳಿ. ಉಳಿದದ್ದು 2,88,000. ಅದರ 30%, ಅಂದರೆ 86,400, ರಿಪೇರಿ ಮಾಡಿಸಲಿ ಬಿಡಲಿ ಸುಮ್ಮನೆ ಕಳೆಯಬಹುದು. ತೆರಿಗೆಗೆ ಬರುವ ಆದಾಯ 2,01,600. ಸಾಲ ಇದ್ದರೆ ಬಡ್ಡಿಯನ್ನೂ ಕಳೆಯಬಹುದು. ತೆರಿಗೆಯ ಹೊಸ ಪದ್ಧತಿಯಲ್ಲಿ (ದರ ಕಡಿಮೆ, ಕಡಿತಗಳೂ ಕಡಿಮೆ) ಅದರಿಂದ ನಷ್ಟ ಬಂದರೆ ಬೇರೆ ಆದಾಯಕ್ಕೆ ಹೊಂದಿಸುವಂತಿಲ್ಲ, ಹಳೆಯದರಲ್ಲಿ 2 ಲಕ್ಷದವರೆಗೆ ಹೊಂದಿಸಬಹುದು.

ಆಸ್ತಿ ತೆರಿಗೆ ಬಾಕಿ ಇಟ್ಟರೆ ಕಳೆಯಲು ಬರುವುದಿಲ್ಲ, ಕಟ್ಟಿದ ವರ್ಷಕ್ಕೆ ಮಾತ್ರ. ಏಪ್ರಿಲ್‌ನಲ್ಲೇ ಕಟ್ಟಿದರೆ 5% ರಿಯಾಯಿತಿ ಬೇರೆ ಸಿಗುತ್ತದೆ. ಬಾಡಿಗೆದಾರ ಕಟ್ಟಿದ್ದರೆ ಅದನ್ನು ನೀವು ಕಳೆಯಬೇಡಿ. ಡಿಪಾಜಿಟ್ ವಾಪಸು ಕೊಡುವ ದುಡ್ಡು, ಅದು ಆದಾಯವಲ್ಲ.

ಈ ಡಾಕ್ಟರಿಗೆ ಭಾರತದಲ್ಲಿ ಬೇರೇನೂ ಆದಾಯವಿಲ್ಲ ಅಂದರೆ 2,01,600 ಹೊಸ ಪದ್ಧತಿಯ 4 ಲಕ್ಷದ ಮಿತಿಯೊಳಗೇ ಇದೆ. ತೆರಿಗೆ ಸೊನ್ನೆ. ಬಾಡಿಗೆದಾರ ತಿಂಗಳಿಗೆ 7,800ರಂತೆ ಹಿಡಿದ 93,600 ಪೂರ್ತಿ ರಿಫಂಡ್. ಆದರೆ ನೆನಪಿಡಿ, 87ಎ ರಿಬೇಟು (ತೆರಿಗೆಯಲ್ಲೇ ಕೊಡುವ ರಿಯಾಯಿತಿ) ನಿವಾಸಿಗಳಿಗೆ ಮಾತ್ರ. "12 ಲಕ್ಷದವರೆಗೆ ತೆರಿಗೆ ಇಲ್ಲ" ಎಂದು ಟಿವಿಯಲ್ಲಿ ಕೇಳಿದ್ದು ನಿಮಗಲ್ಲ. ನಿಮಗೆ 4 ಲಕ್ಷದ ಮೇಲೆ ಒಂದು ರೂಪಾಯಿಯಿಂದಲೇ ಶುರು.

ರಿಟರ್ನ್ ಜುಲೈ 31ರೊಳಗೆ. ಸಲ್ಲಿಸಿದ 30 ದಿನದಲ್ಲಿ ಇ-ವೆರಿಫೈ ಆಗಬೇಕು. ಭಾರತದ ಸಿಮ್ ಬಂದ್ ಆಗಿದ್ದರೆ ಆಧಾರ್ ಒಟಿಪಿ ಬರುವುದಿಲ್ಲ. ಆಗ ನೆಟ್ ಬ್ಯಾಂಕಿಂಗ್ ಮೂಲಕ ಮಾಡಿ, ಇಲ್ಲವೇ ರಿಟರ್ನಿನ ಸ್ವೀಕೃತಿಯಾದ ಐಟಿಆರ್-ವಿ ಮುದ್ರಿಸಿ ಸಹಿ ಹಾಕಿ ಬೆಂಗಳೂರಿನ ಸಿಪಿಸಿಗೆ (ಇಲಾಖೆಯ ರಿಟರ್ನ್ ಪರಿಶೀಲನಾ ಕೇಂದ್ರ) ಅಂಚೆಯಲ್ಲಿ ಕಳಿಸಿ. ರಿಫಂಡ್ ಬೀಳಲು ಎನ್‌ಆರ್‌ಒ ಖಾತೆಯನ್ನು ಪೋರ್ಟಲ್‌ನಲ್ಲಿ ಮೊದಲೇ ದೃಢೀಕರಿಸಿಡಿ.

ಅದೇ ಬಾಡಿಗೆ, ಬ್ರಿಟನ್ನಿನ ಲೆಕ್ಕ

ಐಟಿಆರ್‌ನಲ್ಲಿ ಬಂದ 2,01,600 ಅನ್ನು ಪೌಂಡಿಗೆ ತಿರುಗಿಸಿ ಅಲ್ಲಿಯ ಫಾರ್ಮಿನಲ್ಲಿ ಹಾಕುವವರು ಬಹಳ. ಹಾಗೆ ಹಾಕಬಾರದು. 30% ಎಂಬುದು ಭಾರತದ ಕಾಯ್ದೆಯ ಕೊಡುಗೆ, ಬ್ರಿಟನ್ನಿನ ತೆರಿಗೆ ಇಲಾಖೆ ಎಚ್‌ಎಂಆರ್‌ಸಿಗೆ ಅದರ ಪರಿಚಯವೇ ಇಲ್ಲ. ಅಲ್ಲಿ ಮತ್ತೆ 3,00,000ದಿಂದ ಶುರು ಮಾಡಬೇಕು.

ಮನೆ ನೋಡಿಕೊಳ್ಳುವ ಕಾಕಾನ ಡೈರಿಯಲ್ಲಿ ಹೀಗೊಂದು ಸಾಲು ಇರುತ್ತದೆ ಎಂದುಕೊಳ್ಳಿ: "ಜೂನ್ ಬಾಡಿಗಿ 25,000. ಬೋರ್ ಮೋಟಾರ್ ರಿಪೇರಿ 1,800 ವಜಾ. ಜಮಾ 23,200." ಬ್ಯಾಂಕಿಗೆ ಬಿದ್ದದ್ದು 23,200, ಆದರೆ ಎರಡೂ ದೇಶಗಳಲ್ಲಿ ಬಾಡಿಗೆ 25,000ವೇ. ಭಾರತದಲ್ಲಿ ಆ 1,800 ಬೇರೆಯಾಗಿ ಕಳೆಯುವಂತಿಲ್ಲ, 30%ರಲ್ಲೇ ಅಡಗಿದೆ. ಬ್ರಿಟನ್ನಿನಲ್ಲಿ 30% ಇಲ್ಲ, ಆ 1,800 ನಿಜವಾದ ಖರ್ಚಾಗಿ ಕಳೆಯುತ್ತದೆ, ಮೆಕ್ಯಾನಿಕ್‌ನ ಚೀಟಿ ಇದ್ದರೆ. ಅದಕ್ಕೇ ಕಾಕಾನಿಗೆ ಒಂದು ಮಾತು ಹೇಳಿಡಿ: ಚೀಟಿ ಒಗಿಬ್ಯಾಡ್ರಿ, ಫೋಟೊ ತೆಗೆದು ವಾಟ್ಸಾಪ್ ಮಾಡ್ರಿ.

ರಿಪೇರಿ, ಆಸ್ತಿ ತೆರಿಗೆ, ವಿಮೆ, ಏಜೆಂಟನ ಕಮಿಷನ್ ಎಲ್ಲ ಅಲ್ಲಿ ಕಳೆಯಬಹುದು. ಗೃಹಸಾಲದ ಬಡ್ಡಿಯನ್ನು ಮಾತ್ರ ಖರ್ಚೆಂದು ಕಳೆಯಲಾಗದು. ಅದಕ್ಕೆ 20% ದರದಲ್ಲಿ ತೆರಿಗೆಯಲ್ಲೇ ಕಡಿತ ಸಿಗುತ್ತದೆ. ಹಾಗಾಗಿ 40% ದರದವರಿಗೆ ಊರಿನ ಸಾಲದ ಬಡ್ಡಿ ಅರ್ಧ ಪ್ರಯೋಜನಕ್ಕಷ್ಟೇ ಬರುತ್ತದೆ.

ಖರ್ಚು ಕಡಿಮೆ ಇದ್ದವರಿಗೆ ಇನ್ನೊಂದು ದಾರಿ ಇದೆ. ಖರ್ಚೆಲ್ಲ ಬಿಟ್ಟು 1,000 ಪೌಂಡಿನ ಪ್ರಾಪರ್ಟಿ ಅಲೋವೆನ್ಸ್ ಪಡೆಯಬಹುದು. ಲೆಕ್ಕಕ್ಕೆ ಪೌಂಡಿಗೆ 115 ರೂಪಾಯಿ ಹಿಡಿಯೋಣ. ನಮ್ಮ ಡಾಕ್ಟರ ಬಾಡಿಗೆ ಸುಮಾರು 2,609 ಪೌಂಡು. ಆಸ್ತಿ ತೆರಿಗೆ 12,000, ರಿಪೇರಿ 20,000 ಸೇರಿ ಖರ್ಚು ಸುಮಾರು 278 ಪೌಂಡು. ಖರ್ಚು ಕಳೆದರೆ 2,330 ಪೌಂಡಿಗೆ ತೆರಿಗೆ, ಅಲೋವೆನ್ಸ್ ಪಡೆದರೆ 1,609ಕ್ಕೆ. 40% ದರದಲ್ಲಿ 932 ಪೌಂಡಿನ ಬದಲು 644. ಅಲೋವೆನ್ಸ್ ಪಡೆದರೆ ಸಾಲದ ಬಡ್ಡಿಯ ಕಡಿತ ಸಿಗುವುದಿಲ್ಲ, ಸಾಲ ಇದ್ದವರು ಎರಡೂ ಮಾಡಿ ನೋಡಬೇಕು. ವರ್ಷದ ಒಟ್ಟು ಬಾಡಿಗೆಯೇ 1,000 ಪೌಂಡಿನೊಳಗಿದ್ದರೆ ಆದಾಯ ಸೊನ್ನೆ. ವಿನಿಮಯ ದರಕ್ಕೆ ಎಚ್‌ಎಂಆರ್‌ಸಿ ಪ್ರಕಟಿಸುವ ಸರಾಸರಿ ದರವನ್ನೇ ಬಳಸಿ, ಪ್ರತಿವರ್ಷ ಅದೇ ಪದ್ಧತಿ ಇರಲಿ.

ತುಂಬುವ ಕ್ರಮ ಸರಳ. ಹಿಂದೆಂದೂ ಸೆಲ್ಫ್ ಅಸೆಸ್‌ಮೆಂಟ್ (ತಾವೇ ಲೆಕ್ಕ ಹಾಕಿ ಸಲ್ಲಿಸುವ ರಿಟರ್ನ್) ಮಾಡಿಲ್ಲದಿದ್ದರೆ ತೆರಿಗೆ ವರ್ಷ ಮುಗಿದ ಮೇಲೆ ಬರುವ ಅಕ್ಟೋಬರ್ 5ರೊಳಗೆ ನೋಂದಾಯಿಸಿ ಯುಟಿಆರ್ ಪಡೆಯಿರಿ. ಮುಖ್ಯ ರಿಟರ್ನ್ ಎಸ್‌ಎ100, ಬಾಡಿಗೆ ಹೋಗುವುದು ಎಸ್‌ಎ106 ಎಂಬ ವಿದೇಶಿ ಪುಟಗಳಿಗೆ. ಆನ್‌ಲೈನ್ ಆದರೆ ಜನವರಿ 31 ಕೊನೆ, ತೆರಿಗೆ ಕಟ್ಟಲೂ ಅದೇ ದಿನ. ತಡವಾದರೆ 100 ಪೌಂಡ್ ದಂಡದಿಂದ ಶುರು. ಸಂಬಳಕ್ಕೆ ಆಸ್ಪತ್ರೆಯವರೇ ಪಿಎವೈಇಯಲ್ಲಿ ತೆರಿಗೆ ಹಿಡಿಯುತ್ತಾರೆ ಎಂದು ಸುಮ್ಮನೆ ಕೂರುವಂತಿಲ್ಲ. ಊರ ಬಾಡಿಗೆಯ ಸುದ್ದಿ ಆಸ್ಪತ್ರೆಗೆ ಎಲ್ಲಿ ಗೊತ್ತು?

ಕ್ರೆಡಿಟ್: ಟಿಡಿಎಸ್ ಅಲ್ಲ, ಅಂತಿಮ ತೆರಿಗೆ

ಒಪ್ಪಂದದ ಪ್ರಕಾರ ಅದೇ ಆದಾಯಕ್ಕೆ ಭಾರತದಲ್ಲಿ ಕಟ್ಟಿದ ತೆರಿಗೆಯನ್ನು ಬ್ರಿಟನ್ನಿನ ತೆರಿಗೆಯಲ್ಲಿ ಕಳೆಯಬಹುದು. ಎರಡರಲ್ಲಿ ಯಾವುದು ಕಡಿಮೆಯೋ ಅಷ್ಟು. ನಮ್ಮ ಡಾಕ್ಟರ ಫಾರ್ಮ್ 16ಎಯಲ್ಲಿ 93,600 ಎಂದು ಅಚ್ಚಾಗಿದೆ. ಅದನ್ನು 814 ಪೌಂಡಿನ ಕ್ರೆಡಿಟ್ ಎಂದು ಹಾಕಲು ಕೈ ಮುಂದಾಗುತ್ತದೆ. ಹಾಕಿದರೆ ತಪ್ಪು. ಆ ದುಡ್ಡು ರಿಫಂಡ್ ಆಗುವಂಥದ್ದು, ಭಾರತದ ಅಂತಿಮ ತೆರಿಗೆ ಸೊನ್ನೆ, ಆದ್ದರಿಂದ ಕ್ರೆಡಿಟ್ಟೂ ಸೊನ್ನೆ. ರಿಫಂಡ್ ಬೇಡ, ಅಲ್ಲಿ ಕ್ರೆಡಿಟ್ ತಗೊಳ್ಳುತ್ತೇನೆ ಎಂದರೂ ನಡೆಯದು. ಭಾರತದಲ್ಲಿ ಸಿಗುವ ವಿನಾಯಿತಿ ಬಿಟ್ಟುಕೊಟ್ಟು ಕಟ್ಟಿದ ತೆರಿಗೆಗೆ ಅವರು ಕ್ರೆಡಿಟ್ ಕೊಡುವುದಿಲ್ಲ.

ಅವರಿಗೇ ಎನ್‌ಆರ್‌ಒ ಠೇವಣಿಯಿಂದ 4,00,000 ಬಡ್ಡಿ ಬರುತ್ತಿದೆ ಎನ್ನಿ. ಒಟ್ಟು ಆದಾಯ 6,01,600. ಹೊಸ ಪದ್ಧತಿಯಲ್ಲಿ ತೆರಿಗೆ 10,080, ಸೆಸ್ ಸೇರಿ ಸುಮಾರು 10,483. ಇದರಲ್ಲಿ ಬಾಡಿಗೆಯ ಪಾಲು ಆದಾಯದ ಅನುಪಾತದಲ್ಲಿ ಸುಮಾರು 3,513 ರೂಪಾಯಿ, ಅಂದರೆ 30 ಪೌಂಡು ಚಿಲ್ಲರೆ. ಕ್ರೆಡಿಟ್ ಅಷ್ಟೇ. ಬಡ್ಡಿಯದು ಬೇರೆ ಸಾಲು, ಬೇರೆ ಲೆಕ್ಕ.

ಭಾರತದ ರಿಟರ್ನ್ ಜುಲೈನಲ್ಲಿ, ಬ್ರಿಟನ್ನಿನದು ಜನವರಿಯಲ್ಲಿ ಇರುವುದು ಅನುಕೂಲವೇ. ಮೊದಲು ಇಲ್ಲಿಯದು ಮುಗಿಸಿ, ಸಿಪಿಸಿಯಿಂದ ಬರುವ 143(1) ಸೂಚನೆಯಲ್ಲಿ ಅಂತಿಮ ತೆರಿಗೆ ನೋಡಿಕೊಂಡು ಅಲ್ಲಿಯದು ತುಂಬಿ. ಆಮೇಲೆ ಭಾರತದ ತೆರಿಗೆ ಇಳಿದರೆ ಎಚ್‌ಎಂಆರ್‌ಸಿಗೆ ತಿಳಿಸುವ ಹೊಣೆ ನಿಮ್ಮದು.

ಮೊದಲ ನಾಲ್ಕು ವರ್ಷದ ವಿನಾಯಿತಿ ಬೇಕೇ?

2025ರ ಏಪ್ರಿಲ್ 6ರಿಂದ ಬ್ರಿಟನ್ ಹಳೆಯ ರೆಮಿಟೆನ್ಸ್ ಪದ್ಧತಿ (ವಿದೇಶಿ ಆದಾಯ ಅಲ್ಲಿಗೆ ತಂದಾಗಷ್ಟೇ ತೆರಿಗೆ) ತೆಗೆದು ಎಫ್‌ಐಜಿ (ವಿದೇಶಿ ಆದಾಯ ಮತ್ತು ಲಾಭದ ವಿನಾಯಿತಿ) ಎಂಬುದನ್ನು ತಂದಿದೆ. ಹಿಂದಿನ 10 ವರ್ಷ ಅಲ್ಲಿಯ ನಿವಾಸಿಯಾಗಿರದವರು ಮೊದಲ 4 ತೆರಿಗೆ ವರ್ಷ ವಿದೇಶಿ ಆದಾಯಕ್ಕೆ ತೆರಿಗೆ ಕಟ್ಟದಿರಬಹುದು, ದುಡ್ಡು ಅಲ್ಲಿಗೆ ತರಿಸಿಕೊಂಡರೂ ಸರಿ. ಕೇಳಲು ಸಿಹಿ. ಆದರೆ ಅದು ತಾನಾಗಿ ಸಿಗುವುದಿಲ್ಲ. ರಿಟರ್ನಿನಲ್ಲಿ ಆದಾಯದ ಮೊತ್ತ ತೋರಿಸಿಯೇ ಕೇಳಬೇಕು. ಕೇಳಿದ ವರ್ಷ ತೆರಿಗೆಯಿಲ್ಲದ ಮೊದಲ 12,570 ಪೌಂಡು, ಅಂದರೆ ಪರ್ಸನಲ್ ಅಲೋವೆನ್ಸ್, ಹೋಗುತ್ತದೆ.

20% ದರದವರಿಗೆ ಆ ಅಲೋವೆನ್ಸಿನ ಬೆಲೆ ಕನಿಷ್ಠ 2,514 ಪೌಂಡು. ನೆಹರು ನಗರದ ಫ್ಲ್ಯಾಟಿನ ಬಾಡಿಗೆಗೆ ಅದೇ ದರದಲ್ಲಿ ಬರುವ ತೆರಿಗೆ 322 ಪೌಂಡು. 322 ಉಳಿಸಲು 2,514 ಕೊಡುವುದು ಯಾವ ಲೆಕ್ಕ? ಒಂದು ಮನೆಯ ಬಾಡಿಗೆಯಷ್ಟೇ ಇರುವವರು ಎಫ್‌ಐಜಿ ಗೊಡವೆಗೆ ಹೋಗಬೇಡಿ. ಸಂಬಳ 1,25,140 ಪೌಂಡ್ ದಾಟಿದ ಕನ್ಸಲ್ಟೆಂಟರಿಗೆ ಪರ್ಸನಲ್ ಅಲೋವೆನ್ಸ್ ಮೊದಲೇ ಇರುವುದಿಲ್ಲ, ಅವರಿಗೆ ಕಳೆದುಕೊಳ್ಳುವುದೂ ಇಲ್ಲ. ಆ ವರ್ಷ ಊರಲ್ಲಿ ಪ್ಲಾಟು ಮಾರಿ ದೊಡ್ಡ ಲಾಭ ಬಂದವರೂ ಕೂತು ಲೆಕ್ಕ ಹಾಕಲಿ.

ಬೇರೆ ದೇಶದಲ್ಲಿದ್ದರೆ

ಭಾರತದ ಭಾಗ ಎಲ್ಲರಿಗೂ ಒಂದೇ. ಅಮೆರಿಕದಲ್ಲಿ ಬಾಡಿಗೆ ಶೆಡ್ಯೂಲ್ ಇಗೆ, ಕ್ರೆಡಿಟ್ ಫಾರ್ಮ್ 1116ಕ್ಕೆ. ಅಲ್ಲಿ ಕಟ್ಟಡದ ಸವಕಳಿಯನ್ನೂ ಕಳೆಯಬೇಕು, 2018ರಿಂದ ಬಾಡಿಗೆಗೆ ಕೊಟ್ಟ ವಿದೇಶಿ ಮನೆಗೆ 30 ವರ್ಷದ ಲೆಕ್ಕ, ಜಾಗದ ಬೆಲೆ ಬಿಟ್ಟು. ವರ್ಷ ಜನವರಿಯಿಂದ ಡಿಸೆಂಬರ್ ಆದ್ದರಿಂದ ಬಾಡಿಗೆಯನ್ನು ತಿಂಗಳವಾರು ಬರೆದಿಡದೆ ಗತಿಯಿಲ್ಲ. ಭಾರತದ ಖಾತೆಗಳೆಲ್ಲ ಸೇರಿ ಒಂದು ದಿನವಾದರೂ 10,000 ಡಾಲರ್ ದಾಟಿದ್ದರೆ ಎಫ್‌ಬಿಎಆರ್ ಎಂಬ ವಿದೇಶಿ ಖಾತೆಗಳ ವರದಿ ಬೇರೆ. ಕೆನಡಾದಲ್ಲಿ ಬಾಡಿಗೆಗೆ ಟಿ776, ವಿದೇಶಿ ಆಸ್ತಿಯ ಖರೀದಿ ಬೆಲೆ 1,00,000 ಕೆನಡಾ ಡಾಲರ್ ದಾಟಿದರೆ ಟಿ1135. ಆಸ್ಟ್ರೇಲಿಯಾದಲ್ಲಿ ತಾತ್ಕಾಲಿಕ ವೀಸಾದ ನಿವಾಸಿಗಳಿಗೆ ವಿದೇಶಿ ಬಾಡಿಗೆಯ ಮೇಲೆ ಸಾಮಾನ್ಯವಾಗಿ ತೆರಿಗೆಯಿಲ್ಲ, ಪಿಆರ್ ಬಂದ ಮೇಲೆ ಇದೆ. ದುಬೈಯಲ್ಲಿ ವೈಯಕ್ತಿಕ ಆದಾಯ ತೆರಿಗೆಯೇ ಇಲ್ಲ. ಆದರೆ ಭಾರತದ ಆದಾಯ 15 ಲಕ್ಷ ದಾಟಿದ ನಾಗರಿಕರು ಬೇರೆಲ್ಲೂ ತೆರಿಗೆಗೆ ಒಳಪಡದಿದ್ದರೆ ಕಲಂ 6(1ಎ) ಪ್ರಕಾರ ಅವರನ್ನು ಭಾರತದ ನಿವಾಸಿ ಎಂದೇ ಎಣಿಸುತ್ತಾರೆ.

ಹಿಂದಿನ ವರ್ಷಗಳದ್ದು ಬಿಟ್ಟುಹೋಗಿದ್ದರೆ

ಭಾರತದಲ್ಲಿ ಡಿಸೆಂಬರ್ 31ರವರೆಗೆ ತಡವಾದ ರಿಟರ್ನ್ ಹಾಕಬಹುದು. ಅದೂ ಮೀರಿದರೆ ಐಟಿಆರ್-ಯು (ನವೀಕರಿಸಿದ ರಿಟರ್ನ್), ಸಂಬಂಧಪಟ್ಟ ಅಸೆಸ್‌ಮೆಂಟ್ ವರ್ಷ (ಆದಾಯ ಬಂದ ವರ್ಷದ ಮುಂದಿನ ವರ್ಷ) ಮುಗಿದು 48 ತಿಂಗಳವರೆಗೆ. ಎಷ್ಟು ತಡವೋ ಅಷ್ಟು ಹೆಚ್ಚುವರಿ ತೆರಿಗೆ, 25%ರಿಂದ 70%ವರೆಗೆ. ರಿಫಂಡ್ ಕೇಳಲು ಐಟಿಆರ್-ಯು ಬಳಸುವಂತಿಲ್ಲ, ಆದ್ದರಿಂದ ಟಿಡಿಎಸ್ ಹಿಡಿಸಿಕೊಂಡು ರಿಟರ್ನ್ ಹಾಕದೆ ಕೂತವರ ದುಡ್ಡು ಸುಲಭಕ್ಕೆ ವಾಪಸು ಬರುವುದಿಲ್ಲ.

ಬ್ರಿಟನ್ನಿನ ರಿಟರ್ನನ್ನು ಜನವರಿ 31ರ ಗಡುವಿನಿಂದ ಒಂದು ವರ್ಷದವರೆಗೆ ತಿದ್ದಬಹುದು. ಅದಕ್ಕೂ ಹಳೆಯ ವಿದೇಶಿ ಆದಾಯವನ್ನು ತಾವಾಗಿ ಹೇಳಿಕೊಳ್ಳಲು ಎಚ್‌ಎಂಆರ್‌ಸಿ ವರ್ಲ್ಡ್‌ವೈಡ್ ಡಿಸ್‌ಕ್ಲೋಷರ್ ಫೆಸಿಲಿಟಿ ಇಟ್ಟಿದೆ. ದೇಶಗಳು ಖಾತೆಗಳ ವಿವರ ಹಂಚಿಕೊಳ್ಳುವ ಸಿಆರ್‌ಎಸ್ ಒಪ್ಪಂದದಡಿ ನಿಮ್ಮ ಬೆಳಗಾವಿ ಶಾಖೆಯ ಎನ್‌ಆರ್‌ಒ ಖಾತೆಯ ವಿವರ ಪ್ರತಿವರ್ಷ ಅಲ್ಲಿಗೆ ಹೋಗುತ್ತದೆ. ಅವರ ಪತ್ರ ಬಂದ ಮೇಲೆ ಹೇಳುವುದಕ್ಕೂ ಬರುವ ಮೊದಲೇ ಹೇಳುವುದಕ್ಕೂ ದಂಡದಲ್ಲಿ ದೊಡ್ಡ ಅಂತರವಿದೆ. ಒಂದಕ್ಕಿಂತ ಹೆಚ್ಚು ವರ್ಷ ಬಾಕಿ ಇದ್ದರೆ ಈ ಕೆಲಸವನ್ನು ಸ್ವಂತ ಮಾಡಿಕೊಳ್ಳದೆ ಎರಡೂ ದೇಶದ ಕಾಯ್ದೆ ಬಲ್ಲ ಚಾರ್ಟರ್ಡ್ ಅಕೌಂಟೆಂಟರ ಕೈಗೆ ಕೊಡಿ. ಕೊಡುವಾಗ ಕರಾರು ಪತ್ರ, 16ಎ, ಪಾಲಿಕೆಯ ರಸೀದಿ, ಬ್ಯಾಂಕ್ ಸ್ಟೇಟ್‌ಮೆಂಟ್, ಕಾಕಾ ಕಳಿಸಿದ ಚೀಟಿಗಳ ಫೋಟೊ ಎಲ್ಲ ವರ್ಷವಾರು ಜೋಡಿಸಿ ಕೊಡಿ.